1995ರ ಒಂದು ಭಯದ ಆಟ: ಶುರು ಮಾಡುವುದು, ಸಿಕ್ಕಿಹಾಕಿಕೊಳ್ಳದೆ ಆಡುವುದು, ಮನಸ್ಸು ಕಾಪಾಡಿಕೊಳ್ಳುವುದು

ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆಯ ಓದುಗರು ಈಚೆಗೆ ನನ್ನನ್ನು ಕೇಳುವುದು ಬಹುತೇಕ ಒಂದೇ ವಿಷಯ. 'ಐ ಹ್ಯಾವ್ ನೋ ಮೌತ್, ಆ್ಯಂಡ್ ಐ ಮಸ್ಟ್ ಸ್ಕ್ರೀಮ್' ಎಂಬ ಹಳೆಯ ಕಂಪ್ಯೂಟರ್ ಆಟ. ತಂದುಕೊಂಡೆವು, ಶುರುವೇ ಆಗುತ್ತಿಲ್ಲ ಅಂತಾರೆ ಕೆಲವರು. ಶುರುವಾಯಿತು, ಅರ್ಧ ಗಂಟೆಯಲ್ಲಿ ದಾರಿ ತಪ್ಪಿತು ಅಂತಾರೆ ಇನ್ನು ಕೆಲವರು. ಆಡಿದ ರಾತ್ರಿ ನಿದ್ದೆ ಬರಲಿಲ್ಲ, ಮುಂದುವರಿಸಲಾ ಬಿಡಲಾ ಅಂತ ಕೇಳಿದವರೂ ಇದ್ದಾರೆ. ಮೂರಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ಮೂರನೆಯದು ನನಗೆ ಮುಖ್ಯ ಅನ್ನಿಸಿದ್ದರಿಂದ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಲೇಖಕ ಹಾರ್ಲನ್ ಎಲಿಸನ್ 1967ರಲ್ಲಿ ಇದೇ ಹೆಸರಿನ ಸಣ್ಣ ಕಥೆ ಬರೆದರು. ಮರುವರ್ಷ ಅದಕ್ಕೆ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. 1995ರಲ್ಲಿ ಸೈಬರ್‌ಡ್ರೀಮ್ಸ್ ಕಂಪನಿ ಅದನ್ನು ಆಟವಾಗಿ ಹೊರತಂದಿತು. ಆಟದ ರಚನೆಯಲ್ಲಿ ಎಲಿಸನ್ ತಾವೇ ಕೈ ಜೋಡಿಸಿದರು. ಯುದ್ಧಕ್ಕೆಂದು ಕಟ್ಟಿದ ದೊಡ್ಡ ಕಂಪ್ಯೂಟರೊಂದು ಎಚ್ಚೆತ್ತು, ಇಡೀ ಮನುಷ್ಯಕುಲವನ್ನು ಕೊಂದು, ಐದು ಜನರನ್ನು ಮಾತ್ರ ಉಳಿಸಿಕೊಂಡಿದೆ. ಹಿಂಸಿಸುವುದಕ್ಕೆ ಉಳಿಸಿಕೊಂಡಿದೆ, 109 ವರ್ಷಗಳಿಂದ. ಅದರ ಹೆಸರು ಆ್ಯಮ್. ಈ ಐವರನ್ನು ಒಬ್ಬೊಬ್ಬರಾಗಿ ನೀವು ನಡೆಸಬೇಕು.

ಇದು ಪಾಯಿಂಟ್ ಆ್ಯಂಡ್ ಕ್ಲಿಕ್ ಆಟ. ಅಂದರೆ ಓಡುವುದು, ಗುಂಡು ಹಾರಿಸುವುದು ಇಲ್ಲ. ಪರದೆ ಮೇಲಿನ ವಸ್ತುವನ್ನು ಮೌಸಿನಿಂದ ತೋರಿಸಿ, ಏನು ಮಾಡಬೇಕೋ ಆರಿಸುತ್ತೀರಿ, ಅಷ್ಟೇ. ಕೈ ಚುರುಕು ಬೇಕಿಲ್ಲ, ತಾಳ್ಮೆ ಬೇಕು.

ಹಂತ 1: ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ

ತಟ್ಟನೆ ಬಾಗಿಲು ಬಡಿದು ಬೆಚ್ಚಿಬೀಳಿಸುವ ಭಯ ಈ ಆಟದಲ್ಲಿ ಕಡಿಮೆ. ಇದರ ಭಯ ಬೇರೆ ತರಹದ್ದು. ಐವರಲ್ಲಿ ಪ್ರತಿಯೊಬ್ಬರೂ ಹಿಂದೆ ಏನೋ ಮಾಡಿದ್ದಾರೆ, ಇಲ್ಲವೇ ಅವರಿಗೆ ಏನೋ ಆಗಿದೆ. ಆ್ಯಮ್ ಆ ಗಾಯಕ್ಕೇ ಕೈ ಹಾಕುತ್ತದೆ. ಯಾರ ಅಧ್ಯಾಯದಲ್ಲಿ ಏನಿದೆ ಅಂತ ಮೊದಲೇ ಗೊತ್ತಿರುವುದು ಒಳ್ಳೆಯದು. ಕಥೆ ಬಿಟ್ಟುಕೊಡದೆ ಹೇಳುತ್ತೇನೆ.

ಗಾರಿಸ್ಟರ್: ಹೆಂಡತಿಯ ವಿಷಯದಲ್ಲಿ ತಪ್ಪಿತಸ್ಥ ಭಾವ. ಆತ್ಮಹತ್ಯೆಯ ಮಾತು ಮೊದಲ ನಿಮಿಷದಿಂದಲೇ ಬರುತ್ತದೆ.

ಎಲೆನ್: ಲೈಂಗಿಕ ದೌರ್ಜನ್ಯದ ನೆನಪು. ಹಳದಿ ಬಣ್ಣ ಕಂಡರೆ ಆಕೆಗೆ ಭಯ. ಯಾಕೆ ಅನ್ನುವುದು ನಿಧಾನವಾಗಿ ತಿಳಿಯುತ್ತದೆ.

ಬೆನ್ನಿ: ಹಸಿವು, ನರಬಲಿ, ನರಭಕ್ಷಣೆಯ ಮಾತು. ಮಗುವೊಂದು ಅಪಾಯದಲ್ಲಿದೆ.

ನಿಮ್‌ಡಾಕ್: ನಾಜಿಗಳ ಯಾತನಾ ಶಿಬಿರ, ಕೈದಿಗಳ ಮೇಲೆ ವೈದ್ಯರು ನಡೆಸಿದ ಪ್ರಯೋಗಗಳು.

ಟೆಡ್: ಮೋಸ, ಮಾಟ, ಕೋಟೆಯ ಕತ್ತಲು. ಐದರಲ್ಲಿ ಇದು ಸ್ವಲ್ಪ ಹಗುರ.

ಇದು ಮಕ್ಕಳ ಆಟ ಅಲ್ಲ. ಹಳೆಯ ಆಟ, ಚಿತ್ರ ಮಾಡಿದ ಹಾಗಿದೆ ಅಂತ ಮನೆಯ ಹೈಸ್ಕೂಲ್ ಹುಡುಗರ ಕೈಗೆ ಕೊಡಬೇಡಿ. ಹದಿನೆಂಟು ದಾಟಿದವರೂ ಮೇಲಿನ ಪಟ್ಟಿಯಲ್ಲಿ ತಮ್ಮ ಬದುಕಿಗೆ ಹತ್ತಿರದ್ದು ಏನಾದರೂ ಇದ್ದರೆ ಇನ್ನೊಮ್ಮೆ ಯೋಚಿಸಿ. ಆಡದೇ ಇರುವುದೂ ಸರಿಯಾದ ತೀರ್ಮಾನವೇ. ಸಾಯುವ ಯೋಚನೆ ಈಗಾಗಲೇ ಮನಸ್ಸಿನಲ್ಲಿ ಓಡುತ್ತಿದ್ದರೆ ಆಟ ಪಕ್ಕಕ್ಕಿಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರ್ಕಾರದ ಸೇವೆ ಅದು, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಂತ 2: ಬೇಕಾಗುವ ಸಾಮಾನು

ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಧಾರಾಳ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಇಡೀ ಆಟ ಆಗಿನ ಕಾಲದ ಒಂದು ಸಿಡಿಯಲ್ಲಿ ಹಿಡಿದಿದ್ದು, ಜಾಗವೂ ಹೆಚ್ಚು ತಿನ್ನುವುದಿಲ್ಲ. ಇವು ಇರಲಿ: ಒಂದು ಮೌಸ್ (ಟಚ್‌ಪ್ಯಾಡ್‌ನಲ್ಲಿ ಆಡಿದರೆ ಬೆರಳು ಸೋಲುತ್ತದೆ), ಒಂದು ಹೆಡ್‌ಫೋನ್, ಒಂದು ನೋಟ್‌ಬುಕ್, ಪೆನ್ನು.

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕೆ ಆಗಲ್ಲ, ಅಲ್ವಾ? ಡೆಸ್ಕ್‌ಟಾಪ್ ಇದ್ದವರಿಗೆ ಯುಪಿಎಸ್ ಇರಲೇಬೇಕು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಕೂರಿ. ಈ ಆಟ ಬ್ಯಾಟರಿ ಬೇಗ ಕುಡಿಯುವುದಿಲ್ಲ. ನಲವತ್ತು ಡಿಗ್ರಿ ದಾಟಿದ ರಾಯಚೂರಿನ ಮಧ್ಯಾಹ್ನದಲ್ಲೂ ಲ್ಯಾಪ್‌ಟಾಪ್ ಕಾಯುವಷ್ಟು ಕೆಲಸ ಅದಕ್ಕೆ ಇರುವುದಿಲ್ಲ.

ಹಂತ 3: ಆಟ ಕೊಳ್ಳುವುದು

ಸ್ಟೀಮ್, ಗಾಗ್ ಎಂಬ ಎರಡೂ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ನೈಟ್‌ಡೈವ್ ಸ್ಟುಡಿಯೋಸ್ ಎಂಬ ಕಂಪನಿ 2013ರಲ್ಲಿ ಮತ್ತೆ ಮಾರಾಟಕ್ಕೆ ತಂದಿದ್ದು. ಹಬ್ಬದ ರಿಯಾಯಿತಿ ಸಮಯದಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ, ಕಾಯುವುದಾದರೆ ಕಾಯಿರಿ.

ಎರಡರಲ್ಲಿ ನನ್ನ ಆಯ್ಕೆ ಗಾಗ್. ಅಲ್ಲಿ ಕೊಂಡ ಆಟಕ್ಕೆ ಬೀಗ ಇಲ್ಲ. ಇನ್‌ಸ್ಟಾಲ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡು, ಇಂಟರ್‌ನೆಟ್ ಇಲ್ಲದ ಊರಲ್ಲೂ ಆಡಬಹುದು. ಇಷ್ಟವಾಗದಿದ್ದರೆ 30 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು. ಸ್ಟೀಮಿನಲ್ಲಿ ಕೊಂಡರೆ 14 ದಿನದೊಳಗೆ ಕೇಳಬೇಕು, ಆಡಿದ ಸಮಯ ಎರಡು ಗಂಟೆ ದಾಟಿರಬಾರದು. ಈ ಆಟ ಮನಸ್ಸಿಗೆ ಆಗಿಬರುತ್ತದೋ ಇಲ್ಲವೋ ಅಂತ ತಿಳಿಯಲು ಎರಡು ಗಂಟೆ ಸಾಕು.

ಎಚ್ಚರಿಕೆ: ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಕಾಪಿ ಬೇಡ. ನಾನು ಮೊದಲ ಸಲ ಆಡಿದ್ದು ಅಂಥದ್ದರಲ್ಲೇ. ಜಾಗ ಉಳಿಸೋಕೆ ಯಾರೋ ಮಾತಿನ ಫೈಲುಗಳನ್ನು ಅಳಿಸಿಬಿಟ್ಟಿದ್ದರು. ಇಡೀ ಆಟ ಮೂಕವಾಗಿತ್ತು, ಅದು ಹಾಗೇ ಇರಬೇಕೇನೋ ಅಂದುಕೊಂಡು ಅರ್ಧ ಆಡಿದೆ. ಇನ್ನೊಂದು ತೊಂದರೆ: ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಬಂದ ಹಳೆಯ ಆವೃತ್ತಿಗಳಲ್ಲಿ ನಿಮ್‌ಡಾಕ್‌ನ ಅಧ್ಯಾಯವನ್ನೇ ಕತ್ತರಿಸಿದ್ದರು. ಐವರ ಕಥೆ ನಾಲ್ವರದಾಗಿ ನಿಂತಿತು. ಇಂಗ್ಲಿಷ್ ಆವೃತ್ತಿಯನ್ನೇ ತಗೊಳ್ಳಿ.

ಹಂತ 4: ಸ್ಕಮ್‌ವಿಎಂ ಹಾಕಿಕೊಳ್ಳುವುದು

"ಶುರುವೇ ಆಗುತ್ತಿಲ್ಲ" ಅಂದವರಲ್ಲಿ ಹೆಚ್ಚಿನವರು ಹಳೆಯ ಡಾಸ್ ಫೈಲನ್ನು ನೇರವಾಗಿ ವಿಂಡೋಸ್‌ನಲ್ಲಿ ಒತ್ತಿದವರು. ಡಾಸ್ ಅಂದರೆ ವಿಂಡೋಸ್‌ಗೆ ಮುಂಚಿನ ವ್ಯವಸ್ಥೆ. ಇವತ್ತಿನ ಕಂಪ್ಯೂಟರಿಗೆ ಅದರ ಭಾಷೆ ನೇರವಾಗಿ ಅರ್ಥವಾಗುವುದಿಲ್ಲ. ಇದಕ್ಕೆ ಉತ್ತರ ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶ. 2001ರಿಂದ ಆಸಕ್ತರು ಸೇರಿ ಕಟ್ಟುತ್ತಾ ಬಂದಿದ್ದು. ನಮ್ಮ ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಹಳೆಯ ಯಂತ್ರ ಉಳಿಸಿಕೊಂಡು ಮೋಟಾರ್ ಮಾತ್ರ ಹೊಸದು ಕೂರಿಸುವುದಿಲ್ಲವೇ, ಅದೇ ರೀತಿ. ಆಟದ ಚಿತ್ರ, ಮಾತು, ಸಂಗೀತ ಎಲ್ಲ ಹಳೆಯದೇ. ಅದನ್ನು ಓಡಿಸುವ ಇಂಜಿನ್ ಮಾತ್ರ ಹೊಸದು.

ಮಾಡುವ ಕ್ರಮ ಹೀಗೆ. ಸ್ಕಮ್‌ವಿಎಂನ ಸ್ವಂತ ತಾಣದಿಂದಲೇ ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ. ತೆರೆದ ಮೇಲೆ 'ಆ್ಯಡ್ ಗೇಮ್' ಒತ್ತಿ. ಆಟ ಇರುವ ಫೋಲ್ಡರ್ ತೋರಿಸಿ. ಒಳಗೆ 'ಸ್ಕ್ರೀಮ್' ಎಂಬ ಹೆಸರಿನ, 'ರೆಸ್' ಎಂದು ಕೊನೆಯಾಗುವ ಫೈಲ್ ಇದ್ದರೆ ಅದೇ ಸರಿಯಾದ ಫೋಲ್ಡರ್. ತಾನೇ ಗುರುತು ಹಿಡಿಯುತ್ತದೆ. ಹಿಡಿಯದಿದ್ದರೆ ನೀವು ಒಂದು ಫೋಲ್ಡರ್ ಮೇಲೆ ಅಥವಾ ಕೆಳಗೆ ನಿಂತಿದ್ದೀರಿ, ಇಲ್ಲವೇ ಫೈಲುಗಳನ್ನು ಅರ್ಧಂಬರ್ಧ ನಕಲು ಮಾಡಿದ್ದೀರಿ. ಯಾವುದನ್ನೂ ಆರಿಸಲು ಹೋಗದೆ ಇಡೀ ಫೋಲ್ಡರನ್ನೇ ನಕಲು ಮಾಡಿ.

ಆಮೇಲೆ ಮೂರು ಸೆಟ್ಟಿಂಗ್ ಬದಲಿಸಿ.

ಒಂದು, ಚಿತ್ರ. ಆಟದ ಚಿತ್ರ 640×480 ಅಳತೆಯದು, ಚೌಕಕ್ಕೆ ಹತ್ತಿರ. ಈಗಿನ ಪರದೆಗಳು ಅಗಲ. 'ಸ್ಟ್ರೆಚ್ ಟು ವಿಂಡೋ' ಅಂತ ಇಟ್ಟರೆ ಮುಖಗಳು ಅಡ್ಡಕ್ಕೆ ಎಳೆದ ಹಾಗೆ ಕಾಣುತ್ತವೆ. 'ಫಿಟ್ ಟು ವಿಂಡೋ' ಇಡಿ. ಎರಡು ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಎರಡು, ಮಾತು. 'ಸ್ಪೀಚ್', 'ಸಬ್‌ಟೈಟಲ್ಸ್' ಎರಡೂ ಬೇಕು, 'ಬೋತ್' ಆರಿಸಿ. ಇಂಗ್ಲಿಷ್ ಬಿಗಿಯಾಗಿದೆ, ಓದಿಕೊಂಡು ಕೇಳಿದರೇ ಅರ್ಥವಾಗುವುದು. ಅಕ್ಷರ ಬೇಗ ಓಡಿಹೋಗುತ್ತದೆ ಅನ್ನಿಸಿದರೆ ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ. ಮೆನು ಬರುತ್ತದೆ, ಆಟ ನಿಲ್ಲುತ್ತದೆ. ಪದದ ಅರ್ಥ ನೋಡಿಕೊಂಡು ಮುಂದೆ ಹೋಗಿ.

ಮೂರು, ಶಬ್ದದ ಮಟ್ಟ. ಮೊದಲು ಅರ್ಧಕ್ಕೆ ಇಳಿಸಿ. ಆ್ಯಮ್‌ನ ದನಿ ಎಲಿಸನ್ ಅವರದೇ. ಅವರು ಮೆಲ್ಲಗೆ ಮಾತಾಡುವುದಿಲ್ಲ.

ಬೇಸರ ಬಂದರೂ ದನಿ ಮಾತ್ರ ಬಂದ್ ಮಾಡಬೇಡಿ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ತೊಗಲು ಗೊಂಬೆ ನೋಡಿದವರಿಗೆ ಗೊತ್ತು, ಗೊಂಬೆ ಅಲ್ಲಾಡುವುದು ಸ್ವಲ್ಪವೇ. ಜೀವ ಬರುವುದು ಪರದೆ ಹಿಂದಿನ ದನಿಯಿಂದ. ಈ ಆಟದ ಚಿತ್ರಗಳೂ ಹಾಗೇ. ಅಲ್ಲಾಟ ಕಡಿಮೆ, ಭಾರವೆಲ್ಲ ದನಿಯ ಮೇಲೆ.

ಮೊಬೈಲಿನಲ್ಲಿ ಆಡಬಹುದಾ? ಆಡಬಹುದು. ಸ್ಕಮ್‌ವಿಎಂ ಆಂಡ್ರಾಯ್ಡ್‌ಗೂ ಇದೆ, ಕೊಂಡ ಆಟದ ಫೋಲ್ಡರನ್ನು ಫೋನಿಗೆ ಹಾಕಿದರೆ ಸಾಕು. ಆದರೆ ವಸ್ತುಗಳು ಚಿಕ್ಕವು, ಬೆರಳಿನಡಿ ಮುಚ್ಚಿಹೋಗುತ್ತವೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ.

ಹಂತ 5: ಕೈ ಪಳಗಿಸಿಕೊಳ್ಳಿ

ಇಂಥ ಆಟ ಒಂದೂ ಆಡಿಲ್ಲ ಅನ್ನುವವರು ನೇರ ಇದಕ್ಕೇ ಇಳಿಯಬೇಡಿ. 'ಬಿನೀತ್ ಎ ಸ್ಟೀಲ್ ಸ್ಕೈ' ಎಂಬ 1994ರ ಆಟ 2003ರಿಂದ ಉಚಿತವಾಗಿದೆ, ಸ್ಕಮ್‌ವಿಎಂ ತಾಣದಲ್ಲೇ ಸಿಗುತ್ತದೆ. ಒಂದೆರಡು ಸಂಜೆ ಅದನ್ನು ಆಡಿ. ಇಂಥ ಆಟದ ನಡೆ ಅರ್ಥವಾಗುತ್ತದೆ.

ಹಂತ 6: ಪರದೆಯನ್ನು ಓದುವುದು

ಮೇಲೆ ದೃಶ್ಯ, ಕೆಳಗೆ ಎಂಟು ಕ್ರಿಯೆಗಳು: ನಡೆ, ನೋಡು, ತಗೊ, ಬಳಸು, ಮಾತಾಡು, ನುಂಗು, ಕೊಡು, ತಳ್ಳು. ಮೊದಲು ಕ್ರಿಯೆ ಒತ್ತಿ, ಆಮೇಲೆ ವಸ್ತು ಒತ್ತಿ. ಪಕ್ಕದಲ್ಲಿ ನೀವು ಕೂಡಿಸಿಕೊಂಡ ವಸ್ತುಗಳ ಚೀಲ ಇದೆ. ಇದನ್ನು ಇನ್ವೆಂಟರಿ ಅಂತಾರೆ.

ಕೆಳಗೇ ಪಾತ್ರದ ಮುಖ ಕಾಣುತ್ತದೆ. ಅದರ ಹಿನ್ನೆಲೆಯ ಬಣ್ಣದ ಮೇಲೆ ಸದಾ ಒಂದು ಕಣ್ಣಿಡಿ. ಇದು ಆತ್ಮದ ಮಾಪಕ. ಪಾತ್ರ ಒಳ್ಳೆಯದು ಮಾಡಿದರೆ ಹಿನ್ನೆಲೆ ಬೆಳಗುತ್ತದೆ, ಕೆಟ್ಟದ್ದು ಮಾಡಿದರೆ ಕಪ್ಪಾಗುತ್ತದೆ. ಆಟದ ಕೊನೆ ಚೆನ್ನಾಗಿ ಆಗಬೇಕೆಂದರೆ ಈ ಬೆಳಕು ಬೇಕು.

ಬಹಳ ಜನ ದಾರಿ ತಪ್ಪುವುದು ಇಲ್ಲೇ. ಬೇರೆ ಆಟಗಳಲ್ಲಿ ಕಂಡದ್ದೆಲ್ಲ ಎತ್ತಿಕೊಳ್ಳುತ್ತೇವೆ, ಯಾರನ್ನು ಬೇಕಾದರೂ ಮೋಸ ಮಾಡಿ ಬಾಗಿಲು ತೆರೆಯುತ್ತೇವೆ. ಅಲ್ಲಿ ಅದು ಜಾಣತನ. ಇಲ್ಲಿ ಹಾಗೆ ಮಾಡಿದರೆ ಅಧ್ಯಾಯ ಮುಗಿದರೂ ಮುಖ ಕಪ್ಪಾಗಿಯೇ ಉಳಿಯುತ್ತದೆ. ಒಗಟು ಎದುರಾದಾಗ "ಇದನ್ನು ತೆರೆಯುವುದು ಹೇಗೆ" ಅಂತ ಮಾತ್ರ ಕೇಳಬೇಡಿ. "ಈ ಮನುಷ್ಯ ಹೋದ ಸಲ ತಪ್ಪಿದ್ದು ಎಲ್ಲಿ, ಈ ಸಲ ಏನು ಮಾಡಿದರೆ ಸರಿ" ಅಂತ ಕೇಳಿಕೊಳ್ಳಿ. ಅರ್ಧಕ್ಕರ್ಧ ಒಗಟುಗಳು ಆ ಪ್ರಶ್ನೆಗೇ ಬಿಚ್ಚಿಕೊಳ್ಳುತ್ತವೆ. ಹೆದರಿದವರ ಹತ್ತಿರ ಮಾತಾಡಿ. ನೋವಿನಲ್ಲಿರುವವರನ್ನು ದಾಟಿ ಹೋಗಬೇಡಿ. ಕೊಡುವುದಕ್ಕೆ ಕೈಯಲ್ಲಿ ಏನಾದರೂ ಇದ್ದರೆ ಕೊಟ್ಟು ನೋಡಿ. ಈ ಆಟ ನನಗೆ ಇಷ್ಟು ಹತ್ತಿರವಾಗಿರುವುದಕ್ಕೆ ಕಾರಣವೇ ಇದು. ಇಷ್ಟೊಂದು ಕ್ರೂರ ಲೋಕ ಕಟ್ಟಿ, ಅದರೊಳಗೆ ಕರುಣೆಯನ್ನೇ ಬೀಗದ ಕೈ ಮಾಡಿಟ್ಟಿದ್ದಾರೆ.

ಹಂತ 7: ಸೇವ್ ಮಾಡುವ ಅಭ್ಯಾಸ

ಸ್ಕಮ್‌ವಿಎಂ ಐದು ನಿಮಿಷಕ್ಕೊಮ್ಮೆ ತಾನೇ ಸೇವ್ ಮಾಡುತ್ತದೆ. ಅದನ್ನೇ ನಂಬಿ ಕೂರಬೇಡಿ. ತಪ್ಪು ಮಾಡಿದ ಮೇಲೆ ಅದು ತಪ್ಪನ್ನೂ ಸೇವ್ ಮಾಡಿಬಿಡುತ್ತದೆ.

ನೀವೇ ಸೇವ್ ಮಾಡಬೇಕಾದ ಜಾಗಗಳು: ಪ್ರತಿ ಅಧ್ಯಾಯದ ಶುರು, ಹೊಸ ವ್ಯಕ್ತಿಯೊಂದಿಗೆ ಮಾತಿಗೆ ಮುಂಚೆ, ಯಾವುದನ್ನಾದರೂ ಕೊಡುವ ಅಥವಾ ನುಂಗುವ ಮುಂಚೆ. ಪ್ರತಿ ಸಲ ಹೊಸ ಹೆಸರು ಕೊಡಿ. 'ಬೆನ್ನಿ, ಗುಹೆ, ಮಾತಿಗೆ ಮುಂಚೆ' ಅಂತ ಬರೆದರೆ ಒಂದು ವಾರ ಬಿಟ್ಟು ಬಂದರೂ ಗೊತ್ತಾಗುತ್ತದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಕನ್ನಡ ಲಿಪಿ ಹಳೆಯ ಆಟಗಳಲ್ಲಿ ತೊಂದರೆ ಕೊಡಬಹುದು. ಹಳೆಯದರ ಮೇಲೆ ಹೊಸದು ಬರೆಯಬೇಡಿ. ಈ ಆಟದಲ್ಲಿ ಕೆಲವು ತಪ್ಪುಗಳು ಹಿಂದಕ್ಕೆ ಬರುವುದಿಲ್ಲ, ಪಾತ್ರ ಸಾಯುತ್ತದೆ, ಇಲ್ಲವೇ ದಾರಿ ಮುಚ್ಚುತ್ತದೆ. ದಾರಿ ಮುಚ್ಚಿದ ಸ್ಥಿತಿಗೆ ಆಟಗಾರರು ಡೆಡ್ ಎಂಡ್ ಅಂತಾರೆ. ಅಲ್ಲಿಂದ ಎತ್ತುವುದು ಹಳೆಯ ಸೇವ್ ಮಾತ್ರ.

ಹಂತ 8: ಯಾರಿಂದ ಶುರು ಮಾಡಬೇಕು

ಆಟ ನಿಮಗೇ ಬಿಡುತ್ತದೆ. ನನ್ನ ಕ್ರಮ ಹೇಳುತ್ತೇನೆ.

ಮೊದಲು ಗಾರಿಸ್ಟರ್. ಅವನು ಜೆಪ್ಪೆಲಿನ್ ಎಂಬ ದೊಡ್ಡ ಗಾಳಿಹಡಗಿನಲ್ಲಿ ಎಚ್ಚರಗೊಳ್ಳುತ್ತಾನೆ. ಎದೆಯಲ್ಲಿ ತೂತು, ಹೃದಯ ಇಲ್ಲ. ಸಾಯುವ ಅವಕಾಶ ಕೊಡುತ್ತೇನೆ ಅಂತ ಆ್ಯಮ್ ಆಸೆ ತೋರಿಸುತ್ತದೆ. ಆ ಆಸೆಗೆ ಬೀಳದೆ ಸುತ್ತ ನೋಡುವುದೇ ಮೊದಲ ಪಾಠ. ಎರಡನೆಯದು ಟೆಡ್, ಕೋಟೆಯ ಕಥೆ. ಮೂರನೆಯದು ಎಲೆನ್. ಆಕೆ ಕಂಪ್ಯೂಟರ್ ಬಲ್ಲವಳು, ಗುಜರಿ ಯಂತ್ರಗಳಿಂದ ಕಟ್ಟಿದ ಪಿರಮಿಡ್ಡಿನಲ್ಲಿ ನಿಲ್ಲುತ್ತಾಳೆ. ಆಕೆಯ ಅಧ್ಯಾಯದಲ್ಲಿ ಅವಸರ ಬೇಡ. ಆಕೆ ಹೆದರಿ ಹಿಂದೆ ಸರಿದರೆ ಆಟ ಕೆಟ್ಟಿದೆ ಅಂದುಕೊಳ್ಳಬೇಡಿ. ಭಯ ಅಲ್ಲಿ ಕಥೆಯ ಭಾಗ. ಅದಕ್ಕೊಂದು ಉಪಾಯ ಹುಡುಕಬೇಕು. ನಾಲ್ಕನೆಯದು ಬೆನ್ನಿ.

ನಿಮ್‌ಡಾಕ್ ಕೊನೆಗೆ. ಆ ಅಧ್ಯಾಯಕ್ಕೆ ಕೂರುವ ಮುಂಚೆ ಒಂದು ಗಂಟೆ ಚರಿತ್ರೆ ಓದಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದರು. ಯೋಸೆಫ್ ಮೆಂಗಲೆ ಎಂಬ ವೈದ್ಯ ಆಶ್‌ವಿಟ್ಸ್ ಶಿಬಿರದಲ್ಲಿ ಕೈದಿಗಳ ಮೇಲೆ, ಮಕ್ಕಳ ಮೇಲೂ ಪ್ರಯೋಗ ಮಾಡಿದ. ಇದು ಕಟ್ಟುಕಥೆಯಲ್ಲ. ಎಲಿಸನ್ ಅವರೂ ಯೆಹೂದಿ ಮನೆತನದವರು. ಇಷ್ಟು ಗೊತ್ತಿದ್ದು ಆಡಿದರೆ ಆ ಅಧ್ಯಾಯದಲ್ಲಿ ಯಾಕೆ ಯಾವುದನ್ನೂ ಸುಮ್ನೆ ಒತ್ತಿ ನೋಡಬಾರದು ಅಂತ ಅರ್ಥವಾಗುತ್ತದೆ. ರಾತ್ರಿ ಬೇಡ, ಹಗಲಲ್ಲಿ ಆಡಿ.

ಹಂತ 9: ಸಿಕ್ಕಿಹಾಕಿಕೊಂಡಾಗ

ಸಿಕ್ಕಿಹಾಕಿಕೊಳ್ಳುತ್ತೀರಿ, ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಮೌಸನ್ನು ಪರದೆಯ ಮೇಲೆ ನಿಧಾನವಾಗಿ ಆಡಿಸಿ, ಮೂಲೆ ಮೂಲೆಗೂ. ವಸ್ತುವಿನ ಮೇಲೆ ಬಂದಾಗ ಹೆಸರು ಕಾಣುತ್ತದೆ. ಚಿಕ್ಕ ಚುಕ್ಕೆಯಷ್ಟು ವಸ್ತುವನ್ನು ಹೀಗೆ ಹುಡುಕುವುದಕ್ಕೆ ಪಿಕ್ಸೆಲ್ ಹಂಟಿಂಗ್ ಅಂತಾರೆ, ಆಗಿನ ಆಟಗಳ ದೊಡ್ಡ ಕಿರಿಕಿರಿ ಅದು. ಪರದೆಯ ಅಂಚುಗಳನ್ನೂ ನೋಡಿ, ಹೊರಗೆ ಹೋಗುವ ದಾರಿ ಅಲ್ಲೇ ಅಡಗಿರುತ್ತದೆ.

ಆಗಲಿಲ್ಲವಾ? ನೋಟ್‌ಬುಕ್ ತೆರೆಯಿರಿ. ಯಾವ ಜಾಗ, ಯಾರಿದ್ದರು, ಅವರಿಗೆ ಏನು ಬೇಕಿತ್ತು ಅಂತ ಕನ್ನಡದಲ್ಲೇ ಬರೆದುಕೊಂಡಿದ್ದರೆ ಬಿಟ್ಟುಹೋದದ್ದು ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡಕ್ಕೆ ಇಳಿಸುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತದೆ.

ಆಟದೊಳಗೇ ಸೈಕ್ ಪ್ರೊಫೈಲ್ ಎಂಬ ಸುಳಿವಿನ ಪುಸ್ತಕ ಇದೆ. ಆದರೆ ಅದನ್ನು ತೆರೆದರೆ ಆತ್ಮದ ಮಾಪಕ ಇಳಿಯುತ್ತದೆ. ಇದಕ್ಕೊಂದು ಉಪಾಯ: ಸೇವ್ ಮಾಡಿ, ಸುಳಿವು ಓದಿ, ಸೇವ್ ಮಾಡಿದಲ್ಲಿಗೆ ವಾಪಸ್ ಹೋಗಿ. ಇದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಆಡುವವರಿಗೆ ಇದು ನ್ಯಾಯವೇ.

ವಾಕ್‌ಥ್ರೂ, ಅಂದರೆ ಹೆಜ್ಜೆ ಹೆಜ್ಜೆಗೂ ಉತ್ತರ ಬರೆದಿಟ್ಟ ಕೈಪಿಡಿ, ಕೊನೆಯ ಆಸರೆ. ನೋಡಬೇಕಾದರೆ ಬೇಕಾದ ಒಂದು ಸಾಲು ನೋಡಿ ಮುಚ್ಚಿ. ಮುಂದಿನ ಸಾಲಿಗೆ ಕಣ್ಣು ಹೋದರೆ ಎಲೆನ್‌ಗೆ ಆದದ್ದು, ನಿಮ್‌ಡಾಕ್ ಮಾಡಿದ್ದು ಎಲ್ಲ ಒಂದು ಪಟ್ಟಿಯಾಗಿ ಓದಿಬಿಡುತ್ತೀರಿ. ಆಮೇಲೆ ಆಡಿದರೂ ಅದು ತಟ್ಟುವುದಿಲ್ಲ.

ಹಂತ 10: ಮನಸ್ಸು ಕಾಪಾಡಿಕೊಳ್ಳುವುದು

ಒಂದು ಸಲಕ್ಕೆ ಒಂದು ಗಂಟೆ. ಒಂದು ವಾರಕ್ಕೆ ಒಂದು ಅಧ್ಯಾಯ. ಇದಕ್ಕಿಂತ ಬೇಗ ಬೇಡ.

ನಡುರಾತ್ರಿ ದೀಪ ಆರಿಸಿ ಒಬ್ಬರೇ ಆಡಿದರೇ ಮಜಾ ಅಂತ ಹೇಳುವವರು ಇರುತ್ತಾರೆ. ಬೆಚ್ಚಿಬೀಳಿಸುವ ಆಟಕ್ಕೆ ಅದು ಸರಿ. ಇಲ್ಲಿ ಕತ್ತಲೆಯ ಅಗತ್ಯವೇ ಇಲ್ಲ. ದೀಪ ಹಾಕಿರಲಿ. ಸಾಧ್ಯವಾದರೆ ಇಬ್ಬರು ಕೂರಿ. ಒಬ್ಬರು ಮೌಸ್ ಹಿಡಿಯಲಿ, ಇನ್ನೊಬ್ಬರು ಅಕ್ಷರ ಓದಿ ಅರ್ಥ ಹೇಳಲಿ. "ಈಗ ಏನು ಮಾಡೋದು ಸರಿ" ಅಂತ ಇಬ್ಬರೂ ಜಗಳ ಆಡಿ ತೀರ್ಮಾನಿಸಿ. ಈ ಆಟವನ್ನು ಆಡುವ ಒಳ್ಳೆಯ ಕ್ರಮ ಅದೇ ಅಂತ ನನ್ನ ನಂಬಿಕೆ.

ಮುಗಿದ ಕೂಡಲೇ ಹಾಸಿಗೆಗೆ ಹೋಗಬೇಡಿ. ಮಾಳಿಗೆ ಮೇಲೆ ಹೋಗಿ ಗಾಳಿಗೆ ನಿಲ್ಲಿ, ಯಾರ ಜೊತೆಗಾದರೂ ಬೇರೆ ಮಾತಾಡಿ. ದೃಶ್ಯ ಒಂದು ಹಗಲಲ್ಲೂ ತಲೆಯಲ್ಲಿ ಓಡುತ್ತಿದ್ದರೆ, ಊಟ ಸೇರದಿದ್ದರೆ, ನಿದ್ದೆ ಎರಡು ರಾತ್ರಿ ಕೆಟ್ಟರೆ ನಿಲ್ಲಿಸಿ. ಯಾವ ಅಧ್ಯಾಯವನ್ನು ಬೇಕಾದರೂ ಮೊದಲು ಆಡಬಹುದು ಅಂದೆನಲ್ಲ, ಹಾಗೇ ಭಾರ ಅನ್ನಿಸುವ ಅಧ್ಯಾಯವನ್ನು ಮುಂದಕ್ಕೆ ಹಾಕಿ ಬೇರೊಬ್ಬರದನ್ನು ಮೊದಲು ಆಡಬಹುದು. ಪೂರ್ತಿ ಮುಗಿಸಲೇಬೇಕು ಅಂತ ಯಾರೂ ಕಾಯುತ್ತಿಲ್ಲ.

ಹಂತ 11: ಕೊನೆಯ ಅಧ್ಯಾಯಕ್ಕೆ ಮುಂಚೆ

ಐವರೂ ಮುಗಿದ ಮೇಲೆ ಆಟ ಆ್ಯಮ್‌ನ ಮಿದುಳಿನೊಳಗೆ ಹೋಗುತ್ತದೆ. ಅಲ್ಲಿಗೆ ಒಬ್ಬರನ್ನು ಕಳಿಸಬೇಕು. ಯಾರನ್ನು ಅಂತ ತುಂಬಾ ಜನ ಕೇಳುತ್ತಾರೆ. ಐದೂ ಮುಖಗಳನ್ನು ನೋಡಿ, ಯಾರ ಹಿನ್ನೆಲೆ ಎಲ್ಲರಿಗಿಂತ ಬೆಳಗಿದೆಯೋ ಅವರನ್ನು ಕಳಿಸಿ. ಎಲ್ಲರದೂ ಕಪ್ಪಾಗಿದ್ದರೆ ಕೊನೆಯ ಅಧ್ಯಾಯಕ್ಕೆ ಇಳಿಯದೆ, ಯಾವ ಅಧ್ಯಾಯದಲ್ಲಿ ಜಾಸ್ತಿ ತಪ್ಪಿದಿರೋ ಅದರ ಶುರುವಿನ ಸೇವ್ ತೆರೆದು ಮತ್ತೆ ಆಡಿ.

ಆಟಕ್ಕೆ ಒಂದಕ್ಕಿಂತ ಹೆಚ್ಚು ಮುಕ್ತಾಯಗಳಿವೆ. ಅದಕ್ಕಾಗಿ ಮಿದುಳಿನೊಳಗೆ ಕಾಲಿಡುವ ಮುಂಚಿನ ಸೇವ್ ಫೈಲನ್ನು ಬೇರೆಯಾಗಿ ನಕಲು ಮಾಡಿ ಪೆನ್‌ಡ್ರೈವಿಗೆ ಹಾಕಿಡಿ. ಮೊದಲ ಸಲ ಕೆಟ್ಟ ಮುಕ್ತಾಯವೇ ಬರುವುದು ಹೆಚ್ಚು, ನನಗೂ ಅದೇ ಬಂತು. ಆ ಮುಕ್ತಾಯದಲ್ಲೇ ಆಟದ ಹೆಸರಿನ ಅರ್ಥ ತಿಳಿಯುತ್ತದೆ. ನೋಡಿದ ಮೇಲೆ ಒಂದು ದಿನ ಬಿಟ್ಟು, ಪೆನ್‌ಡ್ರೈವಿನ ಸೇವ್ ವಾಪಸ್ ಹಾಕಿಕೊಂಡು, ಈ ಸಲ ಬೇರೊಬ್ಬರನ್ನು ಕಳಿಸಿ.